ಡಿಗ್ರಿ ಟೈಮ್‌ಟೇಬಲ್‌ನಲ್ಲಿ ಕಲೆಗೆ ವಾರಕ್ಕೆ ಎರಡು ಗಂಟೆ ಯಾಕೆ ಬೇಕು

ನಮ್ಮ ರಾಜ್ಯದ ಡಿಗ್ರಿ ಕಾಲೇಜುಗಳು ಕಳೆದ ಕೆಲವು ವರ್ಷಗಳಲ್ಲಿ ಕಂಡಷ್ಟು ಎಳೆದಾಟವನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟಿತು. ಕಾಲೇಜುಗಳಲ್ಲಿ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ, 2021-22ರಲ್ಲಿ. ನಾಲ್ಕು ವರ್ಷದ ಡಿಗ್ರಿ ಬಂತು. ಆಮೇಲೆ ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, ಅದರ ಮಧ್ಯಂತರ ವರದಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು. ಈ ಮಧ್ಯೆ ಕಾಲೇಜಿಗೆ ಸೇರಿದ ಮಕ್ಕಳಲ್ಲಿ ಒಂದು ಬ್ಯಾಚಿಗೆ ಒಂದು ಸಿಲಬಸ್, ಇನ್ನೊಂದು ಬ್ಯಾಚಿಗೆ ಇನ್ನೊಂದು.

ಈ ಚರ್ಚೆಯಲ್ಲಿ ನಾವು ಮಾತಾಡಿದ್ದೆಲ್ಲ ಎಷ್ಟು ವರ್ಷ, ಎಷ್ಟು ಮೇಜರ್, ಭಾಷೆಗೆ ಎಷ್ಟು ಪೀರಿಯಡ್, ಯಾರ ವರ್ಕ್‌ಲೋಡ್ ಉಳಿಯುತ್ತೆ, ಯಾರದು ಹೋಗುತ್ತೆ ಅನ್ನುವುದನ್ನೇ. ಇವೆಲ್ಲ ಮುಖ್ಯವೇ, ಸುಳ್ಳಲ್ಲ. ಆದರೆ ಒಂದು ಪ್ರಶ್ನೆ ಎರಡೂ ಕಡೆಯವರ ಮಾತಿನಲ್ಲಿ ಹೆಚ್ಚು ಕೇಳಿಸಲಿಲ್ಲ. ಬಿಎಸ್ಸಿ, ಬಿಕಾಂ, ಬಿಸಿಎ, ಬಿಎ, ಯಾವುದಕ್ಕೇ ಸೇರಿದ ಹುಡುಗ ಅಥವಾ ಹುಡುಗಿ, ಆ ಮೂರ್ನಾಲ್ಕು ವರ್ಷದಲ್ಲಿ ಒಂದು ಚಿತ್ರ ಬರೆಯುವುದು, ಒಂದು ರಾಗ ಕಲಿಯುವುದು, ಒಂದು ಪಾತ್ರ ಮಾಡುವುದು ಓದಿನ ಭಾಗವೋ ಅಲ್ಲವೋ?

ಭಾಗ ಆಗಲೇಬೇಕು ಅನ್ನುವುದು ನನ್ನ ವಾದ. ಹವ್ಯಾಸ ಅಂತಲ್ಲ, ಯುವಜನೋತ್ಸವದ ತಂಡಕ್ಕೆ ಆಯ್ಕೆಯಾದ ಹತ್ತು ಹನ್ನೆರಡು ಮಕ್ಕಳಿಗೆ ಮಾತ್ರ ಅಂತಲೂ ಅಲ್ಲ. ಎಲ್ಲರಿಗೂ, ಟೈಮ್‌ಟೇಬಲ್‌ನಲ್ಲಿ.

ಲಿಬರಲ್ ಆರ್ಟ್ಸ್ ಅನ್ನುವ ಮಾತು ಈಗ ಜಾಹೀರಾತುಗಳಲ್ಲಿ ತುಂಬಾ ಕಾಣಿಸುತ್ತದೆ. ಒಂದೇ ಕೆಲಸಕ್ಕೆ ತಯಾರು ಮಾಡದೆ ವಿಜ್ಞಾನ, ಸಮಾಜ, ಭಾಷೆ, ಕಲೆ ಎಲ್ಲವನ್ನೂ ಕೂಡಿಸಿ ಕಲಿಸುವ ಓದು ಅದು. ಯುರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಏಳು ವಿಷಯಗಳಿದ್ದವು: ವ್ಯಾಕರಣ, ತರ್ಕ, ಮಾತುಗಾರಿಕೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಅಲ್ಲಿ ಸಂಗೀತ ಅಂದರೆ ಮುಖ್ಯವಾಗಿ ಸ್ವರಗಳ ನಡುವಿನ ಲೆಕ್ಕಾಚಾರ. ಚಿತ್ರಕಾರರೂ ಶಿಲ್ಪಿಗಳೂ ವಿಶ್ವವಿದ್ಯಾಲಯದ ಹೊರಗೇ ಇದ್ದರು, ಕಸುಬುದಾರರಾಗಿ. ನಮ್ಮ ಕಡೆಯ ಹಳೆಯ ಆದರ್ಶ ಇದಕ್ಕಿಂತ ದೊಡ್ಡದಾಗಿತ್ತು. ಬಾಣ ಸಂಸ್ಕೃತದಲ್ಲಿ ಬರೆದ ‘ಕಾದಂಬರಿ’ ಅನ್ನುವ ಕೃತಿಯಲ್ಲಿ, ನಾಗವರ್ಮ ಕನ್ನಡಕ್ಕೆ ತಂದದ್ದೂ ಅದನ್ನೇ, ರಾಜಕುಮಾರ ಚಂದ್ರಾಪೀಡ ಕಲಿತ ವಿದ್ಯೆಗಳ ಪಟ್ಟಿ ಬರುತ್ತದೆ. ವ್ಯಾಕರಣ, ರಾಜನೀತಿ, ಆಯುಧಗಳ ಜೊತೆಗೇ ವಾದ್ಯ, ನೃತ್ಯ, ಚಿತ್ರ, ಮರಗೆಲಸ ಕೂಡ ಅದರಲ್ಲಿವೆ. 2020ರ ನೀತಿಯ ದಾಖಲೆ ಇದೇ ಕಾದಂಬರಿಯನ್ನೂ 64 ಕಲೆಗಳನ್ನೂ ಹೆಸರಿಸಿ, ಎಂಜಿನಿಯರಿಂಗ್ ಸಂಸ್ಥೆಗಳಲ್ಲೂ ಕಲೆ ಮತ್ತು ಮಾನವಿಕ ವಿಷಯಗಳು ಜಾಸ್ತಿ ಇರಬೇಕು ಅಂತ ಹೇಳುತ್ತದೆ. ಓದಲು ಬಹಳ ಚೆನ್ನಾಗಿದೆ. ಆದರೆ ಚಂದ್ರಾಪೀಡ ರಾಜನ ಮಗ. ಅವನಿಗಾಗಿ ಊರ ಹೊರಗೆ ಬೇರೆ ವಿದ್ಯಾಮಂದಿರವನ್ನೇ ಕಟ್ಟಿಸಿದ್ದರು. ತಾಲ್ಲೂಕಿನ ಕಾಲೇಜಿಗೆ ಬೆಳಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬರುವ ಹುಡುಗಿಗೆ ಇದನ್ನು ಮುಟ್ಟಿಸುವುದು ಹೇಗೆ ಅನ್ನುವುದೇ ಪ್ರಶ್ನೆ.

ಜಾರಿಯಾದಾಗ ಏನಾಯಿತು ನೋಡಿ. ಓಪನ್ ಎಲೆಕ್ಟಿವ್ ಅಂತ ಬಂತು. ಬಿಕಾಂ ಹುಡುಗ ಬೇರೆ ವಿಭಾಗದ ವಿಷಯ ತಗೊಳ್ಳಬಹುದು ಅನ್ನುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶ. ಆದರೆ ಬಹಳ ಕಾಲೇಜುಗಳಲ್ಲಿ ಯಾವ ಮೇಷ್ಟ್ರಿಗೆ ಪೀರಿಯಡ್ ಕಡಿಮೆ ಇದೆಯೋ ಅವರ ವಿಷಯವೇ ಎಲೆಕ್ಟಿವ್ ಆಯಿತು. ಸಂಗೀತದ ಮೇಷ್ಟ್ರೇ ಇಲ್ಲದ ಕಡೆ ಸಂಗೀತ ಎಲ್ಲಿಂದ ಬರಬೇಕು? ಕ್ರೀಡೆ, ಎನ್‌ಸಿಸಿ, ಎನ್‌ಎಸ್‌ಎಸ್ ಜೊತೆ ಸಾಂಸ್ಕೃತಿಕ ಚಟುವಟಿಕೆಯನ್ನೂ ಒಂದೇ ಗುಂಪಿಗೆ ಸೇರಿಸಿ ಅದಕ್ಕೊಂದು ಕ್ರೆಡಿಟ್ ಇಟ್ಟರು. ಸರ್ಟಿಫಿಕೇಟ್ ಇದ್ದವರಿಗೆ ಅಂಕ ಸಿಕ್ಕಿತು, ಕಲಿಕೆ ನಡೆಯಿತೋ ಇಲ್ಲವೋ ಯಾರೂ ಕೇಳಲಿಲ್ಲ.

ಇದರ ಬೇರು ಇನ್ನೂ ಕೆಳಗಿದೆ. ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಹತ್ತಿರ ಬಂದ ಹಾಗೆ ಮೊದಲು ಹೋಗುವುದು ಡ್ರಾಯಿಂಗ್ ಪೀರಿಯಡ್. ಗಣಿತದ ಮೇಷ್ಟ್ರು ಬಂದು ಕೂತರೆ ಯಾರೂ ಏನೂ ಅನ್ನುವುದಿಲ್ಲ, ಪೋಷಕರಂತೂ ಖುಷಿಪಡುತ್ತಾರೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ ಮಕ್ಕಳಿದ್ದಾರೆ, ಸಂಗೀತದಲ್ಲಿ ಜೂನಿಯರ್, ಸೀನಿಯರ್ ಮುಗಿಸಿದವರಿದ್ದಾರೆ. ಪಿಯುಸಿ ಮೆಟ್ಟಿಲು ಹತ್ತುತ್ತಿದ್ದ ಹಾಗೆ ಅದೆಲ್ಲ ನಿಂತುಬಿಡುತ್ತದೆ. ಡಿಗ್ರಿಗೆ ಬರುವಷ್ಟರಲ್ಲಿ "ಮುಂಚೆ ಹಾಡ್ತಿದ್ದೆ ಸಾರ್" ಅನ್ನುವ ಮಾತು ಉಳಿದಿರುತ್ತದೆ ಅಷ್ಟೆ. ಹದಿನೆಂಟು ವರ್ಷದ ಹುಡುಗಿ "ಮುಂಚೆ" ಅನ್ನುವುದನ್ನು ಕೇಳಿದರೆ ಸಂಕಟವಾಗುತ್ತದೆ.

ಕಲೆಯ ಪರ ಮಾತಾಡುವವರು ಸಾಮಾನ್ಯವಾಗಿ ಕೊಡುವ ಕಾರಣಗಳಲ್ಲಿ ಕೆಲವು ನನಗೆ ಒಪ್ಪಿಗೆಯಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತದೆ, ಚಿತ್ರ ಬರೆದರೆ ಐಕ್ಯೂ ಏರುತ್ತದೆ ಅನ್ನುವ ಮಾತುಗಳಿವೆಯಲ್ಲ, ಅವು. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬಂತು. 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಪಿಯಾನೊ ಸಂಗೀತ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವಂಥ ಲೆಕ್ಕ ಕೊಟ್ಟರು. ಸ್ವಲ್ಪ ಜಾಸ್ತಿ ಅಂಕ ಬಂತು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅಷ್ಟನ್ನೇ ಹಿಡಿದುಕೊಂಡು 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ಬೇರೆಯವರು ಪ್ರಯೋಗ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ತೀರಾ ಸಣ್ಣದು ಅಥವಾ ಇಲ್ಲವೇ ಇಲ್ಲ ಅಂತ ಕಂಡಿತು.

ಹಾರ್ವರ್ಡ್‌ನಲ್ಲಿ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಇನ್ನೂ ಗಟ್ಟಿಯಾದ ಕೆಲಸ ಮಾಡಿದರು. ಕಲೆ ಮತ್ತು ಅಂಕಗಳ ನಂಟಿನ ಬಗ್ಗೆ ಅಲ್ಲಿಯವರೆಗೆ ಬಂದ ದಶಕಗಳ ಅಧ್ಯಯನಗಳನ್ನು ಒಟ್ಟುಹಾಕಿ 2000ದಲ್ಲಿ ವರದಿ ಕೊಟ್ಟರು. ಕಲೆ ಕಲಿತ ಮಕ್ಕಳಿಗೆ ಅಂಕ ಜಾಸ್ತಿ ಬರುವುದು ಹೌದು, ಆದರೆ ಕಲೆಯಿಂದಲೇ ಬಂತು ಅನ್ನಲು ಆಧಾರವಿಲ್ಲ ಅಂದರು. ನಾಟಕ ಮಾಡಿಸಿದರೆ ಭಾಷೆಯ ಹಿಡಿತ ಸುಧಾರಿಸುತ್ತದೆ ಅನ್ನುವಂಥ ಕೆಲವೇ ವಿಷಯಕ್ಕೆ ಮಾತ್ರ ಪುರಾವೆ ಸಿಕ್ಕಿತು. ಕಲೆಯ ಪರ ಇದ್ದವರಿಗೇ ಇದು ಸಿಟ್ಟು ತರಿಸಿತು. ನನಗೆ ಮಾತ್ರ ಇದು ತುಂಬಾ ಉಪಕಾರದ ಕೆಲಸ ಅನಿಸುತ್ತದೆ. ಯಾಕೆಂದರೆ ಕಲೆಯನ್ನು ಗಣಿತದ ಟ್ಯೂಶನ್ ಅಂತ ಮಾರಿದರೆ, ಗಣಿತಕ್ಕೆ ನೇರವಾಗಿ ಟ್ಯೂಶನ್ ಕೊಡಿಸುವುದು ಅಗ್ಗ ಅಂತ ಯಾರಾದರೂ ಹೇಳಿದ ದಿನವೇ ಕಲೆ ಹೊರಗೆ ಹೋಗುತ್ತದೆ. ಆ ಇಬ್ಬರೂ ಅಲ್ಲಿಗೇ ನಿಲ್ಲಿಸಲಿಲ್ಲ. ಬೋಸ್ಟನ್ ಭಾಗದ ಎರಡು ಹೈಸ್ಕೂಲುಗಳ ಕಲಾ ತರಗತಿಗಳಲ್ಲಿ ಕೂತು, ಮೇಷ್ಟ್ರು ನಿಜಕ್ಕೂ ಏನು ಕಲಿಸುತ್ತಿದ್ದಾರೆ ಅಂತ ನೋಡಿದರು. ಅವರಿಗೆ ಕಂಡದ್ದು: ಗಮನವಿಟ್ಟು ನೋಡುವುದು, ಕಣ್ಣೆದುರು ಇಲ್ಲದ್ದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು, ಕೆಲಸ ಕೆಟ್ಟರೂ ಬಿಡದೆ ಕೂರುವುದು, ತಾನು ಮಾಡಿದ್ದನ್ನು ತಾನೇ ಅಳೆಯುವುದು.

ಇದು ಬರೀ ಮಾತಲ್ಲ ಅಂತ ತಿಳಿಯಬೇಕಾದರೆ ಒಂದು ಡ್ರಾಯಿಂಗ್ ಕ್ಲಾಸಿನಲ್ಲಿ ಒಂದು ಗಂಟೆ ಕೂರಬೇಕು. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು, ಯಾವತ್ತೂ ಚಿತ್ರ ಬರೆಯದ ಇಪ್ಪತ್ತು ವರ್ಷದವರಿಗೆ "ಬರೀರಿ" ಅನ್ನಿ. ಹೆಚ್ಚುಕಡಿಮೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. ಬಾಯಿಗೆ ಅಗಲವಾದ ದುಂಡು, ಬುಡಕ್ಕೆ ಒಂದು ನೇರ ಗೆರೆ. ಲೋಟದ ಬಾಯಿ ದುಂಡಗಿದೆ ಅಂತ ತಲೆಗೆ ಗೊತ್ತು, ಲೋಟ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಅಂತಲೂ ಗೊತ್ತು. ಗೊತ್ತಿದ್ದದ್ದನ್ನು ಬರೆದರು, ಕಂಡದ್ದನ್ನಲ್ಲ. ಆಗ ಮೇಷ್ಟ್ರು ಪೆನ್ಸಿಲನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಲೋಟದ ಬಾಯಿಯ ಅಗಲ ಎಷ್ಟು, ಎತ್ತರ ಎಷ್ಟು ಅಂತ ಅಳೆಯಲು ಹೇಳುತ್ತಾರೆ. ಅಳೆದರೆ ಕಣ್ಣಿಗೆ ಕಾಣುವ ಆ ಬಾಯಿಯ ಎತ್ತರ ಅದರ ಅಗಲದ ಕಾಲು ಭಾಗವೂ ಇರುವುದಿಲ್ಲ. ನಂಬಿಕೆ ಬರುವುದಿಲ್ಲ, ಮತ್ತೆ ಅಳೆಯುತ್ತಾರೆ. ಬುಡ ನೋಡಿದರೆ ಅದು ನೇರ ಗೆರೆಯೇ ಅಲ್ಲ, ಬಾಯಿಗಿಂತ ಜಾಸ್ತಿ ಬಾಗಿದೆ. ಸ್ಟೀಲಿನ ಬಣ್ಣ ಬೂದು ಅಂತ ಇಡೀ ಲೋಟಕ್ಕೆ ಬೂದು ತುಂಬಿದವರು ಈಗ ನೋಡಿದರೆ ಅಪ್ಪಟ ಬಿಳಿಯ ಪಕ್ಕದಲ್ಲೇ ಕಡುಗಪ್ಪು, ನಡುವೆ ಉದ್ದಕ್ಕೆ ಎಳೆದಂಥ ಕಿಟಕಿ, ಒಂದು ಮೂಲೆಯಲ್ಲಿ ತಮ್ಮದೇ ಅಂಗಿಯ ಕೆಂಪು. ದಿನಾ ನೀರು ಕುಡಿಯುವ ಲೋಟ ಅದು. ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ.

ಈ ಒಂದು ಗಂಟೆಯಲ್ಲಿ ಆದದ್ದು ಸಣ್ಣದಲ್ಲ. ತನಗೆ ಗೊತ್ತಿದೆ ಅಂದುಕೊಂಡದ್ದಕ್ಕೂ ಎದುರಿಗಿರುವುದಕ್ಕೂ ವ್ಯತ್ಯಾಸವಿದೆ ಅಂತ ಆ ವಿದ್ಯಾರ್ಥಿ ತನ್ನ ಕೈಯಲ್ಲೇ ಕಂಡುಕೊಂಡ. ಯಾರೂ ಉಪದೇಶ ಮಾಡಲಿಲ್ಲ. ಅರ್ಥಶಾಸ್ತ್ರದ ಮೇಷ್ಟ್ರು ಹಳ್ಳಿಗೆ ಸರ್ವೆಗೆ ಕಳಿಸುವಾಗ ಇದನ್ನೇ ಬಯಸುತ್ತಾರೆ: ಉತ್ತರ ಮೊದಲೇ ಬರೆದಿಟ್ಟುಕೊಂಡು ಹೋಗಬೇಡಿ, ಅಲ್ಲಿ ಏನಿದೆ ನೋಡಿ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್ಸ್‌ನಲ್ಲೂ ಇದೇ ಗೋಳು. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಬಿಟ್ಟು ಪಠ್ಯಪುಸ್ತಕದ ಚಿತ್ರವನ್ನು ರೆಕಾರ್ಡಿಗೆ ಇಳಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆ ಅಂತ ಪ್ರತಿಯೊಬ್ಬ ವಿಜ್ಞಾನದ ಮೇಷ್ಟ್ರಿಗೂ ಗೊತ್ತು.

ವೈದ್ಯಕೀಯ ಕಾಲೇಜುಗಳು ಇದನ್ನು ಗಂಭೀರವಾಗಿ ತಗೊಂಡಿವೆ. ಅಮೆರಿಕದ ಯೇಲ್‌ನಲ್ಲಿ ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್, ಮ್ಯೂಸಿಯಂನ ಲಿಂಡಾ ಫ್ರೀಡ್‌ಲೆಂಡರ್ ಜೊತೆ ಸೇರಿ, ಮೆಡಿಕಲ್ ವಿದ್ಯಾರ್ಥಿಗಳನ್ನು ಕಲಾ ಮ್ಯೂಸಿಯಂಗೆ ಕರೆದೊಯ್ದು ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿದರು. ಚಿತ್ರದ ಅರ್ಥ ಹೇಳಬೇಡಿ, ಕಂಡದ್ದನ್ನು ಮಾತ್ರ ಹೇಳಿ ಅಂದರು. ಆಮೇಲೆ ರೋಗಿಗಳ ಫೋಟೋ ಕೊಟ್ಟು ಪರೀಕ್ಷೆ ಮಾಡಿದಾಗ, ಮ್ಯೂಸಿಯಂಗೆ ಹೋದವರು ಹೋಗದವರಿಗಿಂತ ಜಾಸ್ತಿ ವಿವರ ಗುರುತಿಸಿದರು. 2001ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 36 ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅರ್ಧ ಜನರನ್ನು ಒಂದೂವರೆ ಗಂಟೆಯ ಆರು ತರಗತಿಗೆ ಫಿಲಡೆಲ್ಫಿಯಾ ಕಲಾ ಮ್ಯೂಸಿಯಂಗೆ ಕಳಿಸಿದರು, ಅಲ್ಲೂ ಅದೇ ಫಲಿತಾಂಶ ಬಂತು. ಇವೂ ಸಣ್ಣ ಅಧ್ಯಯನಗಳೇ. ಆದರೆ ಮೊಜಾರ್ಟನ ಸಿಡಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಅಲ್ಲಿ ಒಂದನ್ನು ಕೊಟ್ಟು ಬೇರೆ ಯಾವುದೋ ಬರುತ್ತದೆ ಅಂತ ಕಾದರು. ಇಲ್ಲಿ ನೋಡುವುದನ್ನು ಕಲಿಸಿದರು, ನೋಡುವುದು ಬಂತು.

ಸರ್ ಸಿ.ವಿ. ರಾಮನ್ ಅವರ ಮೃದಂಗದ ಕೆಲಸ ನೆನಪಾಗುತ್ತದೆ. ಚರ್ಮವಾದ್ಯದಿಂದ ಬರುವುದು ಸ್ವರವಲ್ಲ, ಬರೀ ಸದ್ದು ಅಂತ ಆಗಿನ ಭೌತವಿಜ್ಞಾನದ ಪುಸ್ತಕಗಳಲ್ಲಿತ್ತು. ಬರೀ ಚರ್ಮ ಬಿಗಿದ ಡೋಲಿಗೆ ಅದು ನಿಜವೇ. ಆದರೆ ಮೃದಂಗ, ತಬಲಾಗಳಲ್ಲಿ ನಡುವೆ ಹಾಕುವ ಕರಿ ಕರಣೆಯ ಭಾರದಿಂದ, ಮುಖ್ಯ ಸ್ವರದ ಜೊತೆಗೇ ಏಳುವ ಉಪಸ್ವರಗಳು ತಂತಿವಾದ್ಯದ ಹಾಗೆ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ ಅಂತ ರಾಮನ್ 1920ರಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಅದನ್ನು ವಿವರವಾಗಿ ತೋರಿಸಿದರು. ಪುಸ್ತಕ ಹೇಳಿದ್ದಕ್ಕೂ ಕಿವಿಗೆ ಕೇಳಿದ್ದಕ್ಕೂ ತಾಳೆಯಾಗದಾಗ ಅವರು ಕಿವಿಯನ್ನು ನಂಬಿದರು. ಕಚೇರಿ ಕೇಳಿ ಬೆಳೆದ ಕಿವಿಗೆ ಮಾತ್ರ ಆ ಪ್ರಶ್ನೆ ಹುಟ್ಟುವುದು ಸಾಧ್ಯ. ಹಾಗಂತ ಮೃದಂಗ ಕಲಿತವರೆಲ್ಲ ವಿಜ್ಞಾನಿಗಳಾಗುತ್ತಾರೆ ಅನ್ನುತ್ತಿಲ್ಲ. ಕಲೆ ಗೊತ್ತಿಲ್ಲದವರು ಕೇಳಲಾಗದ ಪ್ರಶ್ನೆಗಳಿವೆ ಅನ್ನುತ್ತಿದ್ದೇನೆ.

ನಾಟಕದ ಬಗ್ಗೆ ಒಂದು ಮಾತು. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಬಹಳಷ್ಟು ಮಕ್ಕಳು ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವವರು. ಕ್ಲಾಸಿನಲ್ಲಿ ಎದ್ದು ನಿಂತರೆ ಗಂಟಲು ಕಟ್ಟುತ್ತದೆ. ಅವರಿಗೆ ಸಾಫ್ಟ್ ಸ್ಕಿಲ್ಸ್ ತರಬೇತಿ ಅಂತ ಕೈ ಹೇಗೆ ಕುಲುಕಬೇಕು, ಕಣ್ಣಲ್ಲಿ ಕಣ್ಣಿಟ್ಟು ಹೇಗೆ ಮಾತಾಡಬೇಕು ಅಂತ ಸ್ಲೈಡ್ ತೋರಿಸುತ್ತೇವೆ. ಅದರ ಬದಲು ಒಂದು ಪಾತ್ರ ಕೊಟ್ಟು ನೋಡಿ. ಬಡ್ಡಿಗೆ ದುಡ್ಡು ಕೊಟ್ಟು ಊರನ್ನೇ ಹಿಂಡುವವನ ಪಾತ್ರ ಅಂದುಕೊಳ್ಳಿ. ಹುಡುಗನಿಗೆ ಅವನನ್ನು ಕಂಡರೆ ಆಗುವುದಿಲ್ಲ, ಅವನ ಅಪ್ಪನೇ ಅಂಥವನ ಹತ್ತಿರ ಸಾಲ ಮಾಡಿದ್ದಾನು. ಮೊದಲು ಖಳನಾಯಕನ ಹಾಗೆ ಅಬ್ಬರಿಸುತ್ತಾನೆ. ನಿರ್ದೇಶಕರು ನಿಲ್ಲಿಸಿ, "ಅವನು ತನ್ನ ಮನೇಲಿ ಹೀಗೇ ಮಾತಾಡ್ತಾನಾ?" ಅಂತ ಕೇಳುತ್ತಾರೆ. ಅದೇ ಸಾಲನ್ನು ಮೆಲ್ಲಗೆ, ಲೆಕ್ಕದ ಪುಸ್ತಕ ನೋಡುತ್ತಾ ಹೇಳಿಸುತ್ತಾರೆ. ಈಗ ಇನ್ನೂ ಭಯವಾಗುತ್ತದೆ. ಅನ್ಯಾಯ ಮಾಡುವವನು ತನ್ನ ಕಣ್ಣಿಗೆ ತಾನು ನ್ಯಾಯವಂತನಾಗಿಯೇ ಕಾಣುತ್ತಾನೆ ಅನ್ನುವುದನ್ನು ಸಮಾಜಶಾಸ್ತ್ರದ ನೋಟ್ಸಿನಿಂದ ಕಲಿಯುವುದು ಬೇರೆ, ಆ ಮಾತನ್ನು ತನ್ನ ಬಾಯಲ್ಲೇ ಆಡಿ ತಿಳಿಯುವುದು ಬೇರೆ. ಜೊತೆಗೆ ಇನ್ನೊಂದು: ರಿಹರ್ಸಲ್‌ಗೆ ಒಬ್ಬ ಬರದಿದ್ದರೆ ದೃಶ್ಯ ನಿಲ್ಲುತ್ತದೆ. ನಮ್ಮ ಪರೀಕ್ಷೆಗಳೆಲ್ಲ ಒಬ್ಬೊಬ್ಬರೇ ಗೆಲ್ಲುವ, ಒಬ್ಬೊಬ್ಬರೇ ಸೋಲುವ ಆಟ. ಇನ್ನೊಬ್ಬರು ಸರಿಯಾಗಿ ಮಾಡಿದರೆ ಮಾತ್ರ ನಾನು ಸರಿಯಾಗಿ ಮಾಡಬಲ್ಲೆ ಅನ್ನುವ ಅನುಭವ ಮೂರು ವರ್ಷದ ಡಿಗ್ರಿಯಲ್ಲಿ ಬೇರೆಲ್ಲಿ ಸಿಗುತ್ತದೆ?

ಇದನ್ನೆಲ್ಲ ವಿಶ್ವವಿದ್ಯಾಲಯದ ಒಳಗೇ ತಂದು ತೋರಿಸಿದವರು ನಮ್ಮ ದೇಶದಲ್ಲೇ ಇದ್ದಾರೆ. ಶಾಂತಿನಿಕೇತನದಲ್ಲಿ ಕಲಾಭವನ ಶುರುವಾದದ್ದು 1919ರಲ್ಲಿ, ವಿಶ್ವಭಾರತಿ 1921ರಲ್ಲಿ. ಅಂದರೆ ಕಲೆ ಆಮೇಲೆ ಸೇರಿಸಿದ್ದಲ್ಲ, ಮೊದಲಿನಿಂದ ಇದ್ದದ್ದು. ರವೀಂದ್ರನಾಥ ಠಾಕೂರರು ಅದನ್ನು ನಂದಲಾಲ್ ಬೋಸ್ ಕೈಗೆ ಕೊಟ್ಟರು. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತಾದಲ್ಲಿ ಅವನೀಂದ್ರನಾಥರ ಹತ್ತಿರ ಕಲಿಯುವಾಗ ಜೊತೆಗಿದ್ದ ನಂದಲಾಲರೇ ಇವರು. ಅಲ್ಲಿ ಚಿತ್ರಕಲೆ ಗ್ಯಾಲರಿಯ ಒಳಗೆ ಉಳಿಯಲಿಲ್ಲ. ಹಿಂದಿ ಓದುವ ವಿದ್ಯಾರ್ಥಿಗಳ ಕಟ್ಟಡದ ಒಳಗೋಡೆಗಳ ಮೇಲೆ ಬಿನೋದ್ ಬಿಹಾರಿ ಮುಖರ್ಜಿ 1946-47ರಲ್ಲಿ ಮಧ್ಯಯುಗದ ಸಂತರ ಬದುಕನ್ನು ಬರೆದರು. ತಲೆಯೆತ್ತಿದರೆ ಸಂತಕವಿಗಳ ಕಾಲವೇ ಗೋಡೆಯ ಮೇಲೆ ನಡೆದು ಹೋಗುತ್ತದೆ. ರಾಮ್‌ಕಿಂಕರ್ ಬೈಜ್ 1938ರಲ್ಲಿ ಸಂತಾಲ ಕುಟುಂಬದ ದೊಡ್ಡ ಶಿಲ್ಪ ಮಾಡಿದರು, ಕಂಚಿನಲ್ಲಲ್ಲ, ಸಿಮೆಂಟು ಮತ್ತು ಅಲ್ಲಿನ ಕೆಂಪು ಜಂಬಿಟ್ಟಿಗೆಯ ಜಲ್ಲಿಯಲ್ಲಿ. ಅದು ಇವತ್ತೂ ಬಯಲಲ್ಲೇ ಇದೆ. ಕಲೆಗೆ ದುಡ್ಡು ಬೇಕು, ನಮ್ಮಲ್ಲಿ ಎಲ್ಲಿದೆ ಅನ್ನುವ ಪ್ರಾಂಶುಪಾಲರಿಗೆ ನಾನು ಈ ಶಿಲ್ಪವನ್ನೇ ತೋರಿಸುತ್ತೇನೆ.

ಸಂವಿಧಾನದ ಮೂಲ ಪ್ರತಿಯ ಪುಟಗಳ ಚಿತ್ರಗಳೂ ನಂದಲಾಲ್ ಬೋಸ್ ಮತ್ತು ಅವರ ವಿದ್ಯಾರ್ಥಿಗಳ ಕೈಯಿಂದ ಬಂದವು. ನಮ್ಮ ಡಿಗ್ರಿ ಮಕ್ಕಳಿಗೆ ಸಂವಿಧಾನ ಕಡ್ಡಾಯ ವಿಷಯ. ವಿಧಿಗಳ ಸಂಖ್ಯೆ ಬಾಯಿಪಾಠ ಮಾಡುತ್ತಾರೆ. ಆ ಪುಟಗಳ ಮೇಲೆ ಮೊಹೆಂಜೊದಾರೊದ ಎತ್ತಿನಿಂದ ಗಾಂಧೀಜಿಯ ದಂಡಿ ಯಾತ್ರೆಯವರೆಗೆ ಚಿತ್ರಗಳಿವೆ ಅಂತ ಎಷ್ಟು ಮಕ್ಕಳಿಗೆ ತೋರಿಸಿದ್ದೇವೆ? ಇದಕ್ಕೆ ಹೊಸ ಸಿಲಬಸ್ ಕೂಡ ಬೇಡ, ಪ್ರೊಜೆಕ್ಟರ್ ಸಾಕು. ಯಾವ ಚಿತ್ರ ಯಾಕೆ ಅಲ್ಲಿದೆ, ಯಾರು ಇಲ್ಲ, ಯಾಕಿಲ್ಲ ಅಂತ ಚರ್ಚೆ ಶುರುವಾದರೆ ಇತಿಹಾಸ, ರಾಜ್ಯಶಾಸ್ತ್ರ, ಕಲೆ ಮೂರೂ ಒಂದೇ ಗಂಟೆಯಲ್ಲಿ ಕೂಡುತ್ತವೆ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಕೆಲಸ ಸಿಗುತ್ತಾ? ಈ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳುವ ಹಕ್ಕು ಯಾರಿಗೂ ಇಲ್ಲ. ಮಗಳ ಫೀಸಿಗೆ ಅಡಿಕೆ ಸುಲಿಯಲು ಹೋಗುವ ತಾಯಿ ಕೇಳುವ ಪ್ರಶ್ನೆ ಅದು. ಅವರಿಗೆ ನಾನು ಹೇಳುವುದು, ಬಿಕಾಂ ಬಿಡಿಸಿ ಡ್ರಾಯಿಂಗಿಗೆ ಸೇರಿಸಿ ಅಂತ ಯಾರೂ ಹೇಳುತ್ತಿಲ್ಲ. ಬಿಕಾಂ ಜೊತೆಗೆ ವಾರಕ್ಕೆ ಎರಡು ಗಂಟೆ. ಇವತ್ತು ಮೊಬೈಲಿನಲ್ಲಿ ಎಐಗೆ ಒಂದು ಸಾಲು ಕೊಟ್ಟರೆ ಅಸೈನ್‌ಮೆಂಟ್ ಬರೆದುಕೊಡುತ್ತದೆ, ಪೋಸ್ಟರ್ ಮಾಡಿಕೊಡುತ್ತದೆ. ಹತ್ತು ಪೋಸ್ಟರ್ ಬಂದಾಗ ಯಾವುದು ಚೆನ್ನಾಗಿದೆ, ಯಾವುದು ಬರೀ ಥಳುಕು, ಯಾಕೆ ಅಂತ ಹೇಳಬಲ್ಲವರು ಬೇಕು. ಆ ವಿವೇಚನೆ ತಾನೇ ಕೂತು ಕೆಟ್ಟದಾಗಿ ಮಾಡಿ, ಅಳಿಸಿ, ಮತ್ತೆ ಮಾಡಿದವರಿಗೆ ಬರುತ್ತದೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ಕೆಲಸದ ಹೆಸರಿನಲ್ಲಿ ಕಲೆಯನ್ನು ಕತ್ತರಿಸುವುದು ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ, ವಿಶ್ವವಿದ್ಯಾಲಯಗಳ ಕಲೆ, ಸಂಗೀತ, ನಾಟಕ ಕೋರ್ಸುಗಳಿಗೆ ಕೊಡುತ್ತಿದ್ದ ಹೆಚ್ಚುವರಿ ಅನುದಾನವನ್ನು ಒಬ್ಬ ವಿದ್ಯಾರ್ಥಿಗೆ 243 ಪೌಂಡಿನಿಂದ 121.50 ಪೌಂಡಿಗೆ ಇಳಿಸಿದರು. ಜಪಾನಿನಲ್ಲಿ 2015ರಲ್ಲಿ ಶಿಕ್ಷಣ ಮಂತ್ರಿಯವರು ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಮಾನವಿಕ ಮತ್ತು ಸಮಾಜ ವಿಜ್ಞಾನ ವಿಭಾಗಗಳನ್ನು ಮುಚ್ಚಿ ಅಥವಾ ಸಮಾಜಕ್ಕೆ ಜಾಸ್ತಿ ಬೇಕಾದ ವಿಷಯಗಳಿಗೆ ಬದಲಾಯಿಸಿ ಅಂದರು. ಆಗ ವಿರೋಧಿಸಿದವರಲ್ಲಿ ಅಲ್ಲಿನ ದೊಡ್ಡ ಉದ್ಯಮಗಳ ಒಕ್ಕೂಟ ಕೈದಾನ್‌ರೆನ್ ಕೂಡ ಇತ್ತು. ಕೆಲಸ ಕೊಡುವವರೇ, ನಮಗೆ ಬೇಕಾದವರು ಬರೀ ತಾಂತ್ರಿಕ ಓದು ಓದಿದವರಲ್ಲ ಅಂದರು.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಭಾರತದಲ್ಲಿ ಈಗ ಕಲೆಯನ್ನೂ ಸೇರಿಸಿ ಕಲಿಸುವ ಲಿಬರಲ್ ಆರ್ಟ್ಸ್ ಓದು ಇಲ್ಲ ಅಂತಲ್ಲ. ಇದೆ, ವರ್ಷಕ್ಕೆ ಲಕ್ಷಗಟ್ಟಲೆ ಫೀಸಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ನಾಟಕಕ್ಕೆ ಸ್ಟುಡಿಯೋ ಇದೆ, ಕುಂಬಾರಿಕೆಗೆ ಗೂಡು ಇದೆ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮಕ್ಕಳಿಗೆ ಮಾತ್ರ ಕೌಶಲ್ಯ ತರಬೇತಿ ಸಾಕು ಅಂತ ನಾವು ತೀರ್ಮಾನ ಮಾಡಿದ ಹಾಗಿದೆ. ಉಳ್ಳವರ ಮಕ್ಕಳಿಗೆ ಯೋಚನೆ, ಇಲ್ಲದವರ ಮಕ್ಕಳಿಗೆ ಟ್ಯಾಲಿ. ಇದು ಅನ್ಯಾಯ. ವಿಪರ್ಯಾಸ ಅಂದರೆ ಕಲೆ ಇರುವುದು ಈ ಎರಡನೆಯವರ ಊರುಗಳಲ್ಲೇ. ದೊಡ್ಡಾಟ, ಸಣ್ಣಾಟ, ಮೂಡಲಪಾಯ, ತತ್ವಪದ, ಚೌಡಿಕೆ, ಕಂಸಾಳೆ, ಕಸೂತಿ, ಕಿನ್ನಾಳದ ಮರದ ಬೊಂಬೆ. ಕಾಲೇಜಿನ ಹುಡುಗನ ಅಜ್ಜನೇ ಹಾರ್ಮೋನಿಯಂ ಮೇಷ್ಟ್ರಾಗಿರಬಹುದು. ಕಾಲೇಜಿನ ಗೇಟಿನೊಳಗೆ ಬಂದ ಕೂಡಲೇ ಅದಕ್ಕೆ ಬೆಲೆಯಿಲ್ಲ.

ಮಾಡಲು ಸಾಧ್ಯವಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮಾಡಿದ್ದಾರೆ. ಉಡುಪಿಯಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ 1970ರ ದಶಕದ ಆರಂಭದಲ್ಲೇ ಯಕ್ಷಗಾನ ಕೇಂದ್ರ ಶುರುವಾಯಿತು, ಶಿವರಾಮ ಕಾರಂತರು ಅದರ ಜೊತೆ ನಿಂತರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ಅಲ್ಲಿ ಕಲಿತವರು ರಾಜ್ಯದ ಉದ್ದಗಲಕ್ಕೂ ಇದ್ದಾರೆ. ಒಂದು ತಾಲ್ಲೂಕು ಕಾಲೇಜಿಗೆ ನಾಟಕ ಕಲಿಸಲು ಜನ ಬೇಕು ಅಂದರೆ ದೂರ ಹುಡುಕಬೇಕಾಗಿಲ್ಲ.

ಅಂಕ ಹೇಗೆ ಕೊಡುವುದು ಅನ್ನುವುದು ನಿಜವಾದ ತೊಡಕು. ನೂರಕ್ಕೆ ಎಷ್ಟು ಅಂತ ಕೊಡಲು ಹೋದರೆ ಕಲೆಯೂ ಗೈಡ್ ಓದಿ ಬರೆಯುವ ವಿಷಯವಾಗುತ್ತದೆ. ವರ್ಷವಿಡೀ ಮಾಡಿದ ಕೆಲಸವನ್ನು ಒಂದು ಕಡೆ ಇಟ್ಟುಕೊಳ್ಳುವುದು, ಕೊನೆಯಲ್ಲಿ ಊರಿನವರ ಮುಂದೆ ಒಂದು ಪ್ರದರ್ಶನ, ಪಾಸಾದರು ಅಥವಾ ಇನ್ನೊಂದು ಸಲ ಮಾಡಬೇಕು ಅನ್ನುವ ಎರಡೇ ಫಲಿತಾಂಶ, ಇಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಅಂಕವಿಲ್ಲದಿದ್ದರೆ ಮಕ್ಕಳು ಬರುವುದಿಲ್ಲ ಅನ್ನುತ್ತಾರೆ. ಊರಿನವರ ಮುಂದೆ ನಿಲ್ಲಬೇಕು ಅಂದರೆ ಬರುತ್ತಾರೆ.

ಅದಕ್ಕಿಂತ ದೊಡ್ಡ ಗೋಡೆ ಕಲಿಸುವವರ ಅರ್ಹತೆಯದು. ಅತಿಥಿ ಉಪನ್ಯಾಸಕರಿಗೂ ಸ್ನಾತಕೋತ್ತರ ಪದವಿ, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಅಥವಾ ಪಿಎಚ್‌ಡಿ ಬೇಕು ಅನ್ನುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸಾಮಾನ್ಯ ನಿಯಮ. ಅರ್ಥಶಾಸ್ತ್ರಕ್ಕೆ ಅದು ಸರಿ. ನಲವತ್ತು ವರ್ಷ ಭಾಗವತಿಕೆ ಮಾಡಿದವರಿಗೆ ನೆಟ್ ಎಲ್ಲಿಂದ ಬರಬೇಕು? ಗಂಗೂಬಾಯಿ ಹಾನಗಲ್ ಶಾಲೆಗೆ ಹೋದದ್ದು ಐದನೇ ಇಯತ್ತೆಯವರೆಗೆ. ಅವರನ್ನು ಕರ್ನಾಟಕ ವಿಶ್ವವಿದ್ಯಾಲಯ ಗೌರವ ಗುರುವಾಗಿ ಕರೆದುಕೊಂಡಿತ್ತು. ಇವತ್ತು ಮೈಸೂರಿನಲ್ಲಿ ಅವರ ಹೆಸರಿನಲ್ಲೇ ಒಂದು ಸಂಗೀತ ವಿಶ್ವವಿದ್ಯಾಲಯವಿದೆ. ಆ ಸಾಮಾನ್ಯ ನಿಯಮವನ್ನೇ ಹಿಡಿದು ಕೂತರೆ ಅಂಥ ಗಾಯಕಿ ಒಂದು ತಾಲ್ಲೂಕು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಅರ್ಜಿ ಹಾಕುವುದೂ ಕಷ್ಟ.

ಯುಜಿಸಿಗೇ ಇದು ಗೊತ್ತಾಗಿದೆ. 2023ರಲ್ಲಿ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕಾಲೇಜುಗಳಲ್ಲಿ ನಿವಾಸಿ ಗುರುಗಳಾಗಿ ಕರೆದುಕೊಳ್ಳಬಹುದು ಅಂತ ಮಾರ್ಗಸೂಚಿ ಹೊರಡಿಸಿತು. ಹಾಗಾದರೆ ಬಾಗಿಲು ತೆರೆದಿದೆ. ಉಳಿದ ಕೆಲಸ ರಾಜ್ಯದ್ದು. ಕಾಲೇಜು ಶಿಕ್ಷಣ ಇಲಾಖೆ ಈ ಎರಡು ಗಂಟೆಗೆ ಗೌರವಧನ ಎಷ್ಟು ಅಂತ ನಿಗದಿ ಮಾಡಬೇಕು, ಅದನ್ನು ತಿಂಗಳು ತಿಂಗಳು ಕೊಡಬೇಕು. ಕಲಾವಿದರನ್ನು ಆರಿಸುವ ಅಧಿಕಾರವನ್ನು ಆಯಾ ಕಾಲೇಜಿಗೆ ಬಿಡಬೇಕು. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ಕಲಾವಿದರ ಪಟ್ಟಿ ಇದ್ದೇ ಇರುತ್ತದೆ, ಅದನ್ನು ಕಾಲೇಜುಗಳಿಗೆ ಕಳಿಸಿದರೆ ಹುಡುಕಾಟ ಅರ್ಧ ಮುಗಿಯಿತು. ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವ ಜಗಳ ಯಾವ ಕಡೆ ತೀರ್ಮಾನವಾದರೂ ಇದಕ್ಕೆ ಅಡ್ಡಿಯಿಲ್ಲ, ಮುಂದಿನ ವರ್ಷದ ಟೈಮ್‌ಟೇಬಲ್‌ನಲ್ಲೇ ಹಾಕಬಹುದು.